ನೊರೆಯನ್ನು ನಿಲ್ಲಿಸುವುದು ಯಾವುದು?

ಬಟ್ಟೆ ನೆನೆಸಿದ ಬಕೆಟ್ಟಿನಲ್ಲಿ, ಶಾಂಪೂ ಹಚ್ಚಿದ ತಲೆಯಲ್ಲಿ, ಸೀಗೆಪುಡಿ ಕದಡಿದ ನೀರಿನಲ್ಲಿ ನೊರೆ ಏಳುವುದನ್ನು ನಾವೆಲ್ಲ ದಿನವೂ ನೋಡುತ್ತೇವೆ. ಅದು ಏಕೆ ಏಳುತ್ತದೆ ಎಂದು ಕೇಳಿದರೆ ಶಾಲೆಯ ಪುಸ್ತಕದ ಉತ್ತರ ಸಿದ್ಧವಾಗಿರುತ್ತದೆ: ಸಾಬೂನು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುತ್ತದೆ. ಶುದ್ಧ ನೀರಿನ ಮೇಲ್ಮೈ ಎಳೆತ ಕೋಣೆಯ ಉಷ್ಣತೆಯಲ್ಲಿ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಮಾರ್ಜಕ ಬೆರೆತಾಗ ಅದು 40ರ ಆಸುಪಾಸಿಗೆ ಇಳಿಯುತ್ತದೆ. ಎಳೆತ ಇಳಿದಷ್ಟೂ ಗುಳ್ಳೆ ಮಾಡಲು ಬೇಕಾದ ಶಕ್ತಿ ಕಡಿಮೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಎದ್ದ ನೊರೆ ಏಕೆ ನಿಲ್ಲುತ್ತದೆ ಎಂಬ ಪ್ರಶ್ನೆಗೂ ಇದೇ ಉತ್ತರವನ್ನು ಒಪ್ಪಿಸಿಬಿಡುವ ರೂಢಿಯಿದೆಯಲ್ಲ, ಅದರ ಬಗ್ಗೆ ನನ್ನ ತಕರಾರಿದೆ. ನೊರೆ ಏಳುವುದು ಒಂದು ಸಂಗತಿ, ನಿಲ್ಲುವುದು ಇನ್ನೊಂದು. ಒಂದು ಮೇಲ್ಮೈಯನ್ನು ಎಷ್ಟು ಸೂಕ್ಷ್ಮವಾಗಿ ಅಳೆದರೂ ಎರಡನೆಯ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಏಕೆಂದರೆ ನೊರೆಯ ಪೊರೆಗೆ ಇರುವುದು ಎರಡು ಮೇಲ್ಮೈ. ಅವೆರಡರ ನಡುವೆ ಏನು ನಡೆಯುತ್ತದೆ ಎಂಬುದರ ಮೇಲೆ ನೊರೆಯ ಆಯುಸ್ಸು ನಿಂತಿದೆ. ವಿದ್ಯುದಾವೇಶ ಹೊತ್ತ ಪಾಲಿಮರ್ ಮತ್ತು ಅದಕ್ಕೆ ವಿರುದ್ಧ ಆವೇಶದ ಸರ್ಫ್ಯಾಕ್ಟೆಂಟ್ (ಸಾಬೂನು, ಮಾರ್ಜಕಗಳಂತೆ ಮೇಲ್ಮೈಯಲ್ಲಿ ನೆಲೆಸುವ ಪದಾರ್ಥ) ಎರಡನ್ನೂ ಬೆರೆಸಿದ ನೀರಿನಲ್ಲಿ ಈ ಮಾತು ಎಷ್ಟು ಸ್ಪಷ್ಟವಾಗಿ ಕಾಣುತ್ತದೆಯೋ ಅಷ್ಟು ಇನ್ನೆಲ್ಲೂ ಕಾಣುವುದಿಲ್ಲ ಎಂದು ನನ್ನ ಎಣಿಕೆ.

ಮೊದಲು ಪೊರೆಯನ್ನೇ ನೋಡೋಣ. ಎರಡು ಗುಳ್ಳೆಗಳು ಒಂದಕ್ಕೊಂದು ಒತ್ತಿಕೊಂಡಾಗ ನಡುವೆ ಉಳಿಯುವ ನೀರಿನ ಹಾಳೆಯೇ ಪೊರೆ. ಅದರ ಎರಡೂ ಬದಿಗಳಲ್ಲಿ ಸರ್ಫ್ಯಾಕ್ಟೆಂಟ್ ಅಣುಗಳು ಬಾಲವನ್ನು ಗಾಳಿಯ ಕಡೆಗೆ ಚಾಚಿ, ತಲೆಯನ್ನು ನೀರಿನಲ್ಲಿ ಊರಿ ಸಾಲುಗಟ್ಟಿರುತ್ತವೆ. ಮೂರು ಪೊರೆಗಳು ಕೂಡುವ ಅಂಚುಗಳಲ್ಲಿ ದ್ರವದ ಮೇಲ್ಮೈ ಬಾಗಿರುವುದರಿಂದ ಅಲ್ಲಿ ಒತ್ತಡ ಕಡಿಮೆ. ಆ ಅಂಚುಗಳು ಪೊರೆಯೊಳಗಿನ ನೀರನ್ನು ಎಡೆಬಿಡದೆ ಹೀರುತ್ತವೆ. ಪೊರೆ ತೆಳುವಾಗುತ್ತ ಹೋದಂತೆ ಕಾಮನಬಿಲ್ಲಿನ ಬಣ್ಣಗಳು ಮೂಡಿ, ಸರಿದು, ಕೊನೆಗೆ ಕಪ್ಪು ಕಲೆ ಕಾಣಿಸಿಕೊಳ್ಳುತ್ತದೆ. ರಾಬರ್ಟ್ ಹುಕ್ 1672ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಗೆ ಈ ಕಲೆಗಳನ್ನು ವರ್ಣಿಸಿದ್ದ. 1704ರಲ್ಲಿ ಪ್ರಕಟವಾದ ‘ಆಪ್ಟಿಕ್ಸ್’ ಗ್ರಂಥದಲ್ಲಿ ನ್ಯೂಟನ್ನನೂ ಅವನ್ನು ಚರ್ಚಿಸಿದ. ಬೆಳಕಿನ ಅಲೆಯುದ್ದಕ್ಕಿಂತ ಪೊರೆ ಬಹಳ ತೆಳುವಾದಾಗ ಎರಡು ಮೇಲ್ಮೈಗಳಿಂದ ಮರಳುವ ಬೆಳಕು ಒಂದನ್ನೊಂದು ಅಳಿಸಿಹಾಕುತ್ತದೆ. ಕಪ್ಪಿಗೆ ಅದೇ ಕಾರಣ. ಕಪ್ಪು ಪೊರೆಯಲ್ಲಿ ಎರಡು ಬಗೆ. ಒಂದು, ನಡುವೆ ಇನ್ನೂ ನೀರಿನ ಪದರ ಉಳಿದಿರುವ, ಕೆಲವು ಹತ್ತು ನ್ಯಾನೊಮೀಟರ್ ದಪ್ಪದ ಸಾಮಾನ್ಯ ಕಪ್ಪು ಪೊರೆ. ಇನ್ನೊಂದು, ಎರಡು ಸಾಲು ಸರ್ಫ್ಯಾಕ್ಟೆಂಟ್ ಮತ್ತು ಅವುಗಳ ತಲೆಗೆ ಅಂಟಿದ ನೀರಿನ ಹೊರತು ಬೇರೇನೂ ಇಲ್ಲದ, 4–5 ನ್ಯಾನೊಮೀಟರಿನ ನ್ಯೂಟನ್ ಕಪ್ಪು ಪೊರೆ.

ನೀರನ್ನು ಹೀರುವ ಬಲ ಒಂದು ಕಡೆ ಇದ್ದರೆ, ಎರಡು ಮೇಲ್ಮೈಗಳನ್ನು ದೂರ ತಳ್ಳುವ ಬಲ ಇನ್ನೊಂದು ಕಡೆ ಇರಲೇಬೇಕು. ಇಲ್ಲವಾದರೆ ಯಾವ ಪೊರೆಯೂ ಕಣ್ಣಿಗೆ ಕಾಣುವಷ್ಟು ಹೊತ್ತು ಉಳಿಯುತ್ತಿರಲಿಲ್ಲ. ರಷ್ಯದ ಬೋರಿಸ್ ಡೆರ್ಯಾಗಿನ್ 1930ರ ದಶಕದಲ್ಲಿ ಇದನ್ನು ಒಂದು ಒತ್ತಡವಾಗಿ ಕಲ್ಪಿಸಿದ. ಎರಡು ಮೇಲ್ಮೈಗಳನ್ನು ಬೇರ್ಪಡಿಸುವ ಈ ಒತ್ತಡ ಹೀರುವ ಒತ್ತಡಕ್ಕೆ ಸಮನಾದಲ್ಲಿ ಪೊರೆ ತೆಳುವಾಗುವುದನ್ನು ನಿಲ್ಲಿಸುತ್ತದೆ. 1941ರಲ್ಲಿ ಡೆರ್ಯಾಗಿನ್ ಮತ್ತು ಲಾಂಡಾವ್, 1948ರಲ್ಲಿ ನೆದರ್ಲೆಂಡ್ಸಿನ ವೆರ್ವೇ ಮತ್ತು ಓವರ್‌ಬೀಕ್ ಕಟ್ಟಿದ ಸಿದ್ಧಾಂತದ ಪ್ರಕಾರ ಇದರ ಮುಖ್ಯ ಪಾಲು ವಿದ್ಯುತ್ತಿನದು: ಎರಡೂ ಬದಿಯಲ್ಲಿ ಒಂದೇ ಬಗೆಯ ಆವೇಶವಿದ್ದರೆ, ಅವುಗಳ ಸುತ್ತ ನೆರೆದ ಅಯಾನುಗಳ ಮೋಡಗಳು ಒಂದರ ಮೇಲೊಂದು ಏರಿದಾಗ ವಿಕರ್ಷಣೆ ಹುಟ್ಟುತ್ತದೆ. ಈ ವಿಕರ್ಷಣೆ ಎಷ್ಟು ದೂರ ತಲುಪುತ್ತದೆ ಎಂಬುದು ನೀರಿನಲ್ಲಿರುವ ಉಪ್ಪಿನ ಮೇಲೆ ಹೋಗುತ್ತದೆ. ಲೀಟರಿಗೆ ಒಂದು ಮೋಲ್‌ನ ಸಾವಿರದಲ್ಲೊಂದು ಪಾಲು ಅಡುಗೆ ಉಪ್ಪಿದ್ದರೆ ಆ ದೂರ ಸುಮಾರು 10 ನ್ಯಾನೊಮೀಟರ್. ಉಪ್ಪು ನೂರು ಪಟ್ಟು ಹೆಚ್ಚಿದರೆ 1 ನ್ಯಾನೊಮೀಟರ್. ಇದು ಬರಿಯ ಲೆಕ್ಕವಾಗಿ ಉಳಿಯಲಿಲ್ಲ. 1966ರಲ್ಲಿ ಮೈಸೆಲ್ಸ್ ಮತ್ತು ಜೋನ್ಸ್ ರಂಧ್ರಮಯ ಗಾಜಿನ ತಟ್ಟೆಯಲ್ಲಿ ಪೊರೆಯನ್ನು ಹಿಡಿದು, ಗಾಳಿಯ ಒತ್ತಡವನ್ನು ಬದಲಿಸುತ್ತ ದಪ್ಪವನ್ನು ಬೆಳಕಿನಿಂದ ಅಳೆದರು. ಬಲ್ಗೇರಿಯದ ಸೋಫಿಯಾದಲ್ಲಿ ಶೆಲೂಡ್ಕೊ ಮತ್ತು ಎಕ್ಸೆರೋವಾ ಈ ವಿಧಾನವನ್ನು ಇನ್ನಷ್ಟು ಪಳಗಿಸಿದರು. ಒಂದೇ ಒಂದು ಪೊರೆ, ಅದೂ ಮಿಲಿಮೀಟರಿಗಿಂತ ಕಿರಿದು. ಅದನ್ನು ಎಷ್ಟು ಒತ್ತಿದರೆ ಎಷ್ಟು ದಪ್ಪಕ್ಕೆ ಇಳಿಯುತ್ತದೆ, ಎಲ್ಲಿ ಹರಿಯುತ್ತದೆ ಎಂದು ನೇರವಾಗಿ ಹೇಳಬಲ್ಲ ಉಪಕರಣ ಹೀಗೆ ನಮ್ಮ ಕೈಗೆ ಬಂತು. ನೊರೆಯ ವಿಜ್ಞಾನಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ.

ಈಗ ಪಾಲಿಮರ್ ಸೇರಿಸೋಣ. ಸಾವಿರಾರು ಘಟಕಗಳ ಉದ್ದನೆಯ ಸರಪಳಿ, ಅದರ ಮೈತುಂಬ ಋಣ ಆವೇಶದ ಸಲ್ಫೊನೇಟ್ ಗುಂಪುಗಳು. ಧನ ಆವೇಶದ ತಲೆಯಿರುವ ಒಂದು ಸರ್ಫ್ಯಾಕ್ಟೆಂಟ್, ಉದಾಹರಣೆಗೆ ಡೊಡೆಸಿಲ್ ಟ್ರೈಮೀಥೈಲ್ ಅಮೋನಿಯಂ ಬ್ರೋಮೈಡ್. ಈ ಸರ್ಫ್ಯಾಕ್ಟೆಂಟ್ ಒಂದೇ ಇದ್ದು, ಅದೂ ತೀರ ಅಲ್ಪ ಪ್ರಮಾಣದಲ್ಲಿದ್ದರೆ, ಮೇಲ್ಮೈ ಎಳೆತ ಶುದ್ಧ ನೀರಿನದಕ್ಕೆ ಹತ್ತಿರವೇ ಇರುತ್ತದೆ. ಪಾಲಿಮರ್ ಒಂದೇ ಇದ್ದರೂ ಹಾಗೆಯೇ. ನೀರನ್ನು ಅಷ್ಟು ಇಷ್ಟಪಡುವ ಸರಪಳಿಗೆ ಮೇಲ್ಮೈಗೆ ಬರುವ ಕಾರಣವೇ ಇಲ್ಲ. ಎರಡನ್ನೂ ಕೂಡಿಸಿದರೆ ಮಾತ್ರ ಎಳೆತ ಧುಮುಕುತ್ತದೆ. ಫ್ರಾನ್ಸಿನಲ್ಲಿ ಆಸ್ನಾಸಿಯೋಸ್, ಲಾಂಜ್‌ವೆಂ, ಆರ್ಜಿಲಿಯೆ ಇದನ್ನು 1996ರಲ್ಲಿ ವಿವರವಾಗಿ ತೋರಿಸಿದರು. ಧನ ತಲೆಗಳು ಋಣ ಸರಪಳಿಯನ್ನು ಮೇಲ್ಮೈಗೆ ಕಟ್ಟಿಹಾಕುತ್ತವೆ; ಅದುವರೆಗೆ ಎರಡಕ್ಕೂ ಜೊತೆಯಾಗಿ ಅಂಟಿಕೊಂಡಿದ್ದ ಚಿಕ್ಕ ಅಯಾನುಗಳು ಬಿಡುಗಡೆಗೊಂಡು ನೀರಿನಲ್ಲಿ ಚದುರುತ್ತವೆ. ಹೀಗೆ ಚದುರುವುದರಿಂದ ಹೆಚ್ಚುವ ಅವ್ಯವಸ್ಥೆಯೇ ಈ ಬಂಧಕ್ಕೆ ದೊಡ್ಡ ಪ್ರೇರಣೆ. ಅದೇ ವರ್ಷ ಬರ್ಜರಾನ್, ಲಾಂಜ್‌ವೆಂ, ಆಸ್ನಾಸಿಯೋಸ್ ಇಂಥ ಮಿಶ್ರಣಗಳ ಪೊರೆಯನ್ನೇ ಒತ್ತಿ ಅಳೆದರು. ಬಿಡಿಬಿಡಿಯಾಗಿ ಪೊರೆಯನ್ನು ಕಾಯಲಾರದಷ್ಟು ಕಡಿಮೆ ಪ್ರಮಾಣದ ಎರಡು ಪದಾರ್ಥಗಳು ಕೂಡಿದಾಗ ಗಟ್ಟಿ ಪೊರೆ ಕಟ್ಟಿದವು. ಸರ್ಫ್ಯಾಕ್ಟೆಂಟ್ ಬಳಕೆಯನ್ನು ಇಳಿಸಿ ಅದೇ ನೊರೆಯನ್ನು ಪಡೆಯಬಹುದು ಎಂಬ ಭರವಸೆ ಮೂಡಿದ್ದು ಸಹಜ. ಎಳೆತ ಇಳಿದಷ್ಟೂ ಒಳ್ಳೆಯದು, ಅಣುಗಳು ಮೇಲ್ಮೈಯಲ್ಲಿ ದಟ್ಟವಾದಷ್ಟೂ ಒಳ್ಳೆಯದು ಎಂಬ ಹಳೆಯ ತಿಳಿವಳಿಕೆಗೂ ಇದು ಬಲ ಕೊಟ್ಟಂತೆ ಕಂಡಿತು.

ಆದರೆ ಪಾಲಿಮರಿನ ಪ್ರಮಾಣವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ಹೋದಾಗ ಕಥೆ ತಿರುಗುತ್ತದೆ. ಜರ್ಮನಿಯ ರೆಗಿನೆ ಫಾನ್ ಕ್ಲಿಟ್ಸಿಂಗ್ ಅವರ ಗುಂಪು 2009ರಿಂದ ಮುಂದೆ ಪ್ರಕಟಿಸಿದ ಸರಣಿ ಪ್ರಯೋಗಗಳು ಇಲ್ಲಿ ಮುಖ್ಯ. ಸರ್ಫ್ಯಾಕ್ಟೆಂಟಿನ ಪ್ರಮಾಣವನ್ನು ಒಂದೇ ಮಟ್ಟದಲ್ಲಿಟ್ಟು, ವಿರುದ್ಧ ಆವೇಶದ ಪಾಲಿಮರನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಅವರು ಪೊರೆಯ ತಾಳಿಕೆಯನ್ನು ನೋಡಿದರು. ಧನ ಮತ್ತು ಋಣ ಆವೇಶಗಳ ಲೆಕ್ಕ ಸರಿಹೊಂದುವ ಪ್ರಮಾಣದ ಹತ್ತಿರ ಬಂದಂತೆ ಪೊರೆ ದುರ್ಬಲವಾಯಿತು. ಅದನ್ನು ದಾಟಿ ಪಾಲಿಮರಿನ ಆವೇಶ ಮೇಲುಗೈಯಾದಾಗ ಮತ್ತೆ ತಾಳಿಕೆ ಬಂತು. ಒಂದು ಮೇಲ್ಮೈಯ ಎಳೆತ, ಅದರ ಸ್ಥಿತಿಸ್ಥಾಪಕತ್ವ ಇವುಗಳ ಅಳತೆಗೂ ಪೊರೆಯ ತಾಳಿಕೆಗೂ ನೇರ ಸಂಬಂಧ ಕಾಣಲಿಲ್ಲ. ನನ್ನ ವಾದದ ತಿರುಳು ಇಲ್ಲಿದೆ. ಧನ ಮತ್ತು ಋಣಗಳ ನಡುವಿನ ಆಕರ್ಷಣೆ ಪಾಲಿಮರನ್ನೂ ಸರ್ಫ್ಯಾಕ್ಟೆಂಟನ್ನೂ ಕೂಡಿಸಿ ಒಂದೊಂದು ಮೇಲ್ಮೈಯನ್ನು ದಟ್ಟಗೊಳಿಸುತ್ತದೆ. ಆದರೆ ಆ ಕೂಡುವಿಕೆಯಲ್ಲೇ ಆವೇಶಗಳು ಪರಸ್ಪರ ವ್ಯಯವಾಗಿ ಹೋಗುತ್ತವೆ. ಎದುರುಬದುರಿನ ಎರಡು ಮೇಲ್ಮೈಗಳನ್ನು ದೂರ ಇಡಬೇಕಾದ ವಿಕರ್ಷಣೆಗೆ ಏನೂ ಉಳಿಯುವುದಿಲ್ಲ. ಒಂದೊಂದು ಮೇಲ್ಮೈಗೆ ಲಾಭವಾದದ್ದೇ ಎರಡರ ನಡುವಿನ ಅಂತರಕ್ಕೆ ನಷ್ಟ. ಅತ್ಯುತ್ತಮ ಮೇಲ್ಮೈಯನ್ನು ಹುಡುಕುತ್ತ ಹೊರಟವನಿಗೆ ಅತ್ಯುತ್ತಮ ಪೊರೆ ಸಿಗದೇ ಹೋಗುವುದು ಆಕಸ್ಮಿಕವಲ್ಲ. ಒಂದೇ ಬಲ ಎರಡು ಕಡೆ ಎರಡು ಕೆಲಸ ಮಾಡುವುದರ ಫಲ ಅದು.

ಇದಕ್ಕೆ ಬರುವ ಮೊದಲ ಆಕ್ಷೇಪವನ್ನು ಲಘುವಾಗಿ ತೆಗೆದುಕೊಳ್ಳುವಂತಿಲ್ಲ. ಆವೇಶ ವ್ಯಯವಾದರೇನು, ಮೇಲ್ಮೈ ಪದರ ಬಿಗಿಯಾಗಿದ್ದರೆ ಅದೇ ಪೊರೆಯನ್ನು ಕಾಯುವುದಿಲ್ಲವೇ? ಕಾಯುತ್ತದೆ, ಕೆಲವೊಮ್ಮೆ ಬಹಳ ಚೆನ್ನಾಗಿಯೇ. ಸೆಸಿಲ್ ಮೊಂಟೊ, ಜೆರಾಲ್ಡ್ ಫುಲ್ಲರ್, ವಾನ್ಸ್ ಬರ್ಜರಾನ್ 2004ರಲ್ಲಿ ಪಾಲಿಸ್ಟೈರೀನ್ ಸಲ್ಫೊನೇಟ್ ಎಂಬ ಪಾಲಿಮರಿನ ಮಿಶ್ರಣಗಳನ್ನು ಪರಿಶೀಲಿಸಿದಾಗ, ಕೆಲವು ಪ್ರಮಾಣಗಳಲ್ಲಿ ಮೇಲ್ಮೈಗೆ ಅಂಟಿದ ಸೂಕ್ಷ್ಮ ಜೆಲ್ ಕಣಗಳು ಪದರವನ್ನು ಗಂಜಿ ಹಾಕಿದ ಬಟ್ಟೆಯ ಹಾಗೆ ಸೆಡೆತಗೊಳಿಸುವುದು ಕಂಡಿತು. ಅಂಥ ಪೊರೆಯಲ್ಲಿ ನೀರು ಇಳಿಯುವುದೇ ತಡ. ನಡುವೆ ಸಿಕ್ಕಿಬಿದ್ದ ಕಣಗಳು ಎರಡು ಮೇಲ್ಮೈಗಳು ಹತ್ತಿರವಾಗದಂತೆ ತಡೆಯುತ್ತವೆ. ಆದ್ದರಿಂದ ವಿದ್ಯುದ್ವಿಕರ್ಷಣೆಯೊಂದೇ ಸರ್ವಸ್ವ ಎಂದು ನಾನು ಹೇಳಿದರೆ ಅದು ತಪ್ಪಾಗುತ್ತದೆ. ನಾನು ಹೇಳುತ್ತಿರುವುದು ಬೇರೆ: ಈ ಸೆಡೆತವೂ ಪೊರೆಯನ್ನು ಕಾಪಾಡುವುದು ಎರಡು ಮೇಲ್ಮೈಗಳ ನಡುವಿನ ಅಂತರವನ್ನು ಉಳಿಸಿದಾಗ ಮಾತ್ರ. ಬಾಗುವ ಗುಣವಿಲ್ಲದ ಪದರ ಹಿಗ್ಗುವಾಗ ಬಿರುಕು ಬಿಟ್ಟರೆ ಆ ಬಿರುಕನ್ನು ಮುಚ್ಚಲು ಸರಿದು ಬರುವ ಅಣುಗಳೂ ಇರುವುದಿಲ್ಲ. ಸರಪಳಿಯ ಬಾಗುವಿಕೆ, ಅದರ ಬೆನ್ನೆಲುಬಿನ ರಾಸಾಯನಿಕ ಸ್ವಭಾವ, ಆವೇಶಗಳ ನಡುವಿನ ದೂರ ಬದಲಾದರೆ ಫಲವೂ ಬದಲಾಗುತ್ತದೆ. ಬೆಂಜೀನ್ ಉಂಗುರಗಳಿರುವ ಪಾಲಿಸ್ಟೈರೀನ್ ಸಲ್ಫೊನೇಟ್ ನೀರನ್ನು ಅಷ್ಟಾಗಿ ಮೆಚ್ಚದ ಸರಪಳಿ. ಅದು ಕೊಡುವ ಫಲಿತಾಂಶವನ್ನು ನೀರನ್ನು ಹೆಚ್ಚು ಮೆಚ್ಚುವ ಇನ್ನೊಂದು ಸರಪಳಿಗೆ ಎತ್ತಿಹಾಕಲು ಬರುವುದಿಲ್ಲ.

ಎರಡನೆಯ ಆಕ್ಷೇಪ ಉಪ್ಪಿನದು. ಉಪ್ಪು ಸುರಿದು ವಿಕರ್ಷಣೆಯನ್ನು ಒಂದು ನ್ಯಾನೊಮೀಟರಿಗೆ ಕುಗ್ಗಿಸಿದರೂ ಕೆಲವು ಮಾರ್ಜಕಗಳ ಪೊರೆ ಸಾಯುವುದಿಲ್ಲ. ಬದಲಾಗಿ ನ್ಯೂಟನ್ ಕಪ್ಪು ಪೊರೆಯಾಗಿ ಗಟ್ಟಿಯಾಗಿ ನಿಲ್ಲುತ್ತದೆ. ನಿಜ. ಅಲ್ಲಿ ಕೆಲಸ ಮಾಡುವುದು ಒತ್ತಾಗಿ ಜೋಡಿಸಿಕೊಂಡ ತಲೆಗಳು ಮತ್ತು ಅವು ಬಿಟ್ಟುಕೊಡದ ನೀರು. ಆದರೆ ಆ ಸ್ಥಿತಿಗೆ ಇಳಿಯಲು ಎರಡು ಸಾಲುಗಳೂ ಅಂದವಾಗಿ, ತೂತಿಲ್ಲದೆ ಜೋಡಣೆಯಾಗಿರಬೇಕು. ಪಾಲಿಮರ್ ಸರಪಳಿಗಳು ಗಂಟುಗಂಟಾಗಿ ಅಂಟಿಕೊಂಡ, ತಲೆಗಳ ಸಾಲು ಅಲ್ಲಲ್ಲಿ ವಿರಳವಾದ ಮೇಲ್ಮೈಗೆ ಆ ಅನುಕೂಲ ಸುಲಭವಾಗಿ ಒದಗುವುದಿಲ್ಲ. ಇದರ ಜೊತೆಗೆ ಪೊರೆಯ ಒಳಗೆ ಮುಕ್ತವಾಗಿ ಉಳಿದ ಪಾಲಿಮರಿಗೂ ಒಂದು ಪಾತ್ರವಿದೆ. ಪೊರೆಗಳು ಒಮ್ಮೆಲೇ ತೆಳುವಾಗದೆ ಹಂತಹಂತವಾಗಿ ಇಳಿಯುವುದನ್ನು ಫ್ರಾನ್ಸಿನ ಝಾಂ ಪೆರ‍್ರೆಂ 1918ರಲ್ಲೇ ಸಾಬೂನಿನ ಪೊರೆಗಳಲ್ಲಿ ವರ್ಣಿಸಿದ್ದ. ಆವೇಶ ಹೊತ್ತ ಪಾಲಿಮರಿನ ದ್ರಾವಣದಲ್ಲೂ ಹೀಗೆಯೇ ಆಗುತ್ತದೆ. ಸರಪಳಿಗಳು ಒಂದನ್ನೊಂದು ದೂರ ತಳ್ಳುತ್ತ ಒಂದು ಸಡಿಲ ಜಾಲ ಕಟ್ಟುತ್ತವೆ. ಆ ಜಾಲದ ಕಣ್ಣಿನ ಅಳತೆಯಷ್ಟು ದಪ್ಪದ ಪದರ ಒಂದೊಂದಾಗಿ ಹೊರಗೆ ಹಿಂಡಿಹೋಗುತ್ತದೆ. ಪಾಲಿಮರಿನ ಪ್ರಮಾಣ ನಾಲ್ಕು ಪಟ್ಟಾದರೆ ಮೆಟ್ಟಿಲಿನ ಎತ್ತರ ಅರ್ಧಕ್ಕೆ ಇಳಿಯುತ್ತದೆ. ಮೇಲ್ಮೈ ಎಳೆತದ ಅಳತೆಯಲ್ಲಿ ಇದರ ಸುಳಿವೂ ಸಿಗುವುದಿಲ್ಲ, ಏಕೆಂದರೆ ಇದು ನಡೆಯುವುದು ಪೊರೆಯ ಹೊಟ್ಟೆಯಲ್ಲಿ, ಅದೂ ಎರಡು ಮೇಲ್ಮೈಗಳು ಅದನ್ನು ಇಕ್ಕಟ್ಟಿಗೆ ಸಿಲುಕಿಸಿದಾಗ.

ಮೂರನೆಯ ಆಕ್ಷೇಪವೇ ನನಗೆ ಎಲ್ಲಕ್ಕಿಂತ ತೂಕದ್ದು ಅನ್ನಿಸುತ್ತದೆ. ಈ ಮಿಶ್ರಣಗಳು ಸಮಸ್ಥಿತಿ ತಲುಪಿರುವುದೇ ಅನುಮಾನ ಎನ್ನುವವರಿದ್ದಾರೆ. ಹಾಗಿರುವಾಗ ಅವುಗಳ ಮೇಲೆ ಯಾವ ನಿಯಮವನ್ನು ಕಟ್ಟುವುದು? ರಿಚರ್ಡ್ ಕ್ಯಾಂಪ್‌ಬೆಲ್, ಇಮ್ರೆ ವರ್ಗ ಮೊದಲಾದವರು ನ್ಯೂಟ್ರಾನ್ ಕಿರಣಗಳಿಂದ ಮೇಲ್ಮೈ ಪದರವನ್ನು ನೇರವಾಗಿ ನೋಡಿದ ಕೆಲಸ ಈ ಸಂದೇಹಕ್ಕೆ ಆಧಾರ ಕೊಡುತ್ತದೆ. ಆವೇಶಗಳ ಲೆಕ್ಕ ಸರಿಹೊಂದುವ ಆಸುಪಾಸಿನಲ್ಲಿ ಪಾಲಿಮರ್ ಮತ್ತು ಸರ್ಫ್ಯಾಕ್ಟೆಂಟ್ ಕೂಡಿ ಗಸಿಯಾಗಿ ನಿಧಾನವಾಗಿ ಬೇರ್ಪಡುತ್ತವೆ. ಇದಕ್ಕೆ ದಿನಗಳೇ ಹಿಡಿಯಬಹುದು. ಗಸಿ ತಳಕ್ಕೆ ಇಳಿದ ಮೇಲೆ ನೀರಿನಲ್ಲಿ ಉಳಿಯುವ ಪದಾರ್ಥ ಕಡಿಮೆಯಾಗಿ, ಇಳಿದಿದ್ದ ಮೇಲ್ಮೈ ಎಳೆತ ದಿಢೀರನೆ ಮೇಲೇರುತ್ತದೆ. ಹೊಸದಾಗಿ ಬೆರೆಸಿದ ದ್ರಾವಣಕ್ಕೆ ಒಂದು ಫಲಿತಾಂಶ, ಹಳೆಯದಕ್ಕೆ ಇನ್ನೊಂದು. ಯಾವುದಕ್ಕೆ ಯಾವುದನ್ನು ಸುರಿದೆವು, ಎಷ್ಟು ಬೇಗ ಕಲಕಿದೆವು ಎಂಬುದೂ ಗುರುತು ಬಿಟ್ಟು ಹೋಗುತ್ತದೆ. ಆದರೆ ಈ ಆಕ್ಷೇಪ ನನ್ನ ವಾದವನ್ನು ಕೆಡವುತ್ತದೆಯೇ? ನನಗೆ ಹಾಗೆ ಅನ್ನಿಸುವುದಿಲ್ಲ. ಅದು ಕೆಡವುವುದು, ಒಂದೇ ಸಂಖ್ಯೆಯನ್ನು ಹಿಡಿದು ನೊರೆಯ ಭವಿಷ್ಯ ಹೇಳುವ ಅಭ್ಯಾಸವನ್ನು. ಪೊರೆ ಹುಟ್ಟಿದ ಗಳಿಗೆಯಲ್ಲಿ ಅದರ ಎರಡು ಬದಿಯಲ್ಲೂ ಏನಿತ್ತು ಎಂಬುದು ಮುಖ್ಯವಾದರೆ, ಆ ಪೊರೆಯನ್ನೇ, ಆ ವಯಸ್ಸಿನಲ್ಲೇ ಅಳೆಯಬೇಕಾಗುತ್ತದೆ. ಬೇರೊಂದು ದಿನ ಬೇರೊಂದು ಪಾತ್ರೆಯಲ್ಲಿ ತೆಗೆದ ಮೇಲ್ಮೈ ಎಳೆತದ ಅಂಕಿ ಅಲ್ಲಿ ಸಾಕ್ಷಿ ಹೇಳಲಾರದು. ಪ್ರಯೋಗದ ವರದಿಗಳಲ್ಲಿ ಬೆರೆಸಿದ ಕ್ರಮವನ್ನೂ ದ್ರಾವಣದ ವಯಸ್ಸನ್ನೂ ಬರೆಯುವುದು ಈ ಕ್ಷೇತ್ರದಲ್ಲಿ ಶಿಷ್ಟಾಚಾರವಾಗದೆ ಕಡ್ಡಾಯವಾಗಬೇಕು.

ಸಮಸ್ಥಿತಿಯಿಂದ ದೂರವಿರುವುದು ದೋಷವೇ ಆಗಬೇಕೆಂದಿಲ್ಲ, ಅದನ್ನು ದುಡಿಸಿಕೊಂಡವರೂ ಇದ್ದಾರೆ. ಕೂದಲನ್ನು ಮೃದುವಾಗಿಸುವ ಅನೇಕ ಶಾಂಪೂಗಳಲ್ಲಿ ಋಣ ಆವೇಶದ ಸರ್ಫ್ಯಾಕ್ಟೆಂಟ್ ಬಹಳವೂ ಧನ ಆವೇಶದ ಪಾಲಿಮರ್ ಅಲ್ಪವೂ ಇರುತ್ತದೆ. ಬಾಟಲಿಯೊಳಗೆ ಸರ್ಫ್ಯಾಕ್ಟೆಂಟಿನದೇ ಮೇಲುಗೈ, ಆದ್ದರಿಂದ ಎರಡೂ ಕರಗಿಕೊಂಡೇ ಇರುತ್ತವೆ. ನೀರು ಸುರಿದು ತೊಳೆಯುವಾಗ ಲೆಕ್ಕ ಬದಲಾಗುತ್ತದೆ. ಎರಡೂ ಕೂಡಿದ ಗಾಢ ದ್ರವ ಹನಿಹನಿಯಾಗಿ ಬೇರ್ಪಟ್ಟು, ನೀರಿನಲ್ಲಿ ಋಣ ಆವೇಶ ಪಡೆಯುವ ಕೂದಲಿನ ಮೇಲೆ ಕೂರುತ್ತದೆ. ಅಮೆರಿಕದಲ್ಲಿ ಗಾಡ್ಡರ್ಡ್ 1970ರ ದಶಕದಲ್ಲಿ ಸೆಲ್ಯುಲೋಸಿನಿಂದ ಮಾಡಿದ ಧನ ಪಾಲಿಮರುಗಳ ಮೇಲೆ ನಡೆಸಿದ ಕೆಲಸ ಇದಕ್ಕೆ ತಳಹದಿ. ಪೊರೆಗೆ ಅಪಾಯವಾದ ಅದೇ ಸಮತೂಕ ಇಲ್ಲಿ ಕೂದಲಿಗೆ ಉಪಕಾರಿ. ನೊರೆಯೂ ಬೇಕು, ಮೃದುತನವೂ ಬೇಕು ಎಂದು ಹೊರಟವರು ಒಂದೇ ಸ್ನಾನದ ಬೇರೆ ಬೇರೆ ಹೊತ್ತಿಗೆ ಈ ಎರಡನ್ನು ಹಂಚಿಕೊಡಬೇಕಾಗುತ್ತದೆ, ಮತ್ತು ಅದು ಸಾಧ್ಯವಾಗುವುದು ಮಿಶ್ರಣ ತನ್ನ ದಾರಿಯುದ್ದಕ್ಕೂ ಬದಲಾಗುತ್ತಿರುವುದರಿಂದಲೇ.

ಇನ್ನು ಉಳಿದದ್ದು ಕೊನೆಯ ಆಕ್ಷೇಪ: ಗಾಜಿನ ತಟ್ಟೆಯಲ್ಲಿ ಹಿಡಿದ ಒಂದು ಪೊರೆ ಎಲ್ಲಿ, ಲಕ್ಷಾಂತರ ಗುಳ್ಳೆಗಳ ನೊರೆ ಎಲ್ಲಿ? ನೊರೆಯಲ್ಲಿ ನೀರು ಇಳಿಯುತ್ತದೆ, ಚಿಕ್ಕ ಗುಳ್ಳೆಯ ಗಾಳಿ ದೊಡ್ಡ ಗುಳ್ಳೆಗೆ ನುಸುಳುತ್ತದೆ, ಒಂದು ಪೊರೆ ಒಡೆದ ಆಘಾತ ಪಕ್ಕದ ಪೊರೆಯನ್ನೂ ಒಡೆಯಬಹುದು. ಬೆಂಗಳೂರಿನ ಬೆಳ್ಳಂದೂರು ಕೆರೆ ಇದಕ್ಕೆ ನಮ್ಮ ಕಣ್ಣೆದುರಿನ ನಿದರ್ಶನ. 2015ರಲ್ಲಿ ಅಲ್ಲಿನ ನೊರೆ ಕೋಡಿಯಿಂದ ರಸ್ತೆಗೆ ಹಾರಿತು, ಆ ನೊರೆಗೆ ಬೆಂಕಿಯೂ ಹತ್ತಿತು. ಕೊಳಚೆಯಲ್ಲಿ ಬರುವ ಮಾರ್ಜಕ ಕೆರೆಯ ಹೂಳಿಗೆ ಅಂಟಿಕೊಂಡು ಕುಳಿತಿದ್ದು, ಜೋರು ಮಳೆ ಹೂಳನ್ನು ಕದಡಿದಾಗ ಒಮ್ಮೆಗೇ ಬಿಡುಗಡೆಯಾಗುತ್ತದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಅಂಥ ನೀರಿನಲ್ಲಿ ಮಾರ್ಜಕದ ಜೊತೆಗೆ ಬ್ಯಾಕ್ಟೀರಿಯ, ತೇಲುವ ಕಣಗಳು, ಕೊಳೆತ ಸಸ್ಯದಿಂದ ಬಂದ ಋಣ ಆವೇಶದ ಉದ್ದ ಅಣುಗಳು ಎಲ್ಲವೂ ಬೆರೆತಿರುತ್ತವೆ. ಒಂದು ಪೊರೆಯ ಪ್ರಯೋಗ ಇಷ್ಟನ್ನೆಲ್ಲ ವಿವರಿಸುತ್ತದೆ ಎಂದು ಯಾರೂ ಹೇಳಲಾರರು. ಆದರೂ ಹತ್ತು ಕಾರಣಗಳ ಗೊಂದಲದಲ್ಲಿ ಯಾವುದು ನೀರನ್ನು ತಡೆದು ಹಿಡಿಯುತ್ತಿದೆ, ಯಾವುದು ಮೇಲ್ಮೈಗಳನ್ನು ದೂರ ಇಡುತ್ತಿದೆ ಎಂದು ಬಿಡಿಸಿ ನೋಡಲು ಪೊರೆಯ ಪ್ರಯೋಗವನ್ನು ಬಿಟ್ಟರೆ ಬೇರೆ ದಾರಿ ನನಗೆ ಕಾಣದು. ಕೆರೆಯ ನೀರಿನ ಮಾರ್ಜಕದ ಪ್ರಮಾಣವನ್ನು ಮಾತ್ರ ಅಳೆದು ನೊರೆಯ ಎತ್ತರವನ್ನು ಊಹಿಸಹೊರಟರೆ, ಮೇಲ್ಮೈ ಎಳೆತವನ್ನು ಮಾತ್ರ ಅಳೆದು ಪೊರೆಯ ಆಯುಸ್ಸನ್ನು ಹೇಳಹೊರಟವರ ತಪ್ಪನ್ನೇ ಮಾಡಿದಂತಾಗುತ್ತದೆ.

ಈ ಮಾತಿಗೆ ಈಗ ಹೊಸ ತುರ್ತು ಬಂದಿದೆ. ಪೆಟ್ರೋಲಿಯಂ ಮೂಲದ ಸರ್ಫ್ಯಾಕ್ಟೆಂಟುಗಳ ಬದಲು ಸಸ್ಯಮೂಲದವುಗಳನ್ನು, ಕೃತಕ ಪಾಲಿಮರುಗಳ ಬದಲು ಗೋರಿಕಾಯಿ ಬೀಜದ ಗೋಂದಿನಂಥವನ್ನು ತರುವ ಪ್ರಯತ್ನ ಎಲ್ಲೆಡೆ ನಡೆದಿದೆ. ಧನ ಆವೇಶ ಕೊಟ್ಟ ಗೋರಿ ಗೋಂದು ಈಗಾಗಲೇ ಶಾಂಪೂಗಳಲ್ಲಿದೆ, ಮತ್ತು ಆ ಬೆಳೆಯಲ್ಲಿ ರಾಜಸ್ಥಾನವೇ ಮುಂದು. ಆದರೆ ಅದರ ಸರಪಳಿ ಸಕ್ಕರೆಯ ಉಂಗುರಗಳದು, ಬಾಗುವುದು ಕಡಿಮೆ, ಆವೇಶಗಳು ವಿರಳ. ಅಂಟುವಾಳದ ಸಪೋನಿನ್ನು ಮೇಲ್ಮೈಯಲ್ಲಿ ಜೋಡಣೆಗೊಳ್ಳುವ ರೀತಿಯೂ ಕಾರ್ಖಾನೆಯ ಮಾರ್ಜಕದ ಹಾಗಲ್ಲ. ಹಳೆಯ ಮಿಶ್ರಣದ ಎಳೆತದ ಅಂಕಿಗೆ ಹೊಂದುವ ಹೊಸ ಮಿಶ್ರಣ ಸಿಕ್ಕಿತು ಎಂದ ಮಾತ್ರಕ್ಕೆ ಅದೇ ನೊರೆ ಸಿಗುವ ಖಾತರಿಯಿಲ್ಲ. ಆವೇಶಗಳ ಸಮತೂಕ ಯಾವ ಪ್ರಮಾಣದಲ್ಲಿ ಬರುತ್ತದೆ, ಅದರ ಇಬ್ಬದಿಯಲ್ಲೂ ಪೊರೆ ಎಷ್ಟು ಒತ್ತಡ ತಾಳುತ್ತದೆ, ಬೆರೆಸಿದ ಒಂದು ಗಂಟೆಯ ನಂತರ ಮತ್ತು ಒಂದು ವಾರದ ನಂತರ ಆ ತಾಳಿಕೆ ಎಷ್ಟು ಬದಲಾಗುತ್ತದೆ ಎಂಬುದನ್ನು ಒಂದೊಂದು ಜೋಡಿಗೂ ಹೊಸದಾಗಿ ಅಳೆಯಬೇಕು. ಅಂಥ ಅಳತೆಗೆ ಬೇಕಾದ ಉಪಕರಣದ ತತ್ತ್ವ ಅರ್ಧ ಶತಮಾನಕ್ಕೂ ಹಿಂದಿನದು. ಒಂದು ರಂಧ್ರಮಯ ತಟ್ಟೆ, ಒತ್ತಡದ ಮಾಪಕ, ಸೂಕ್ಷ್ಮದರ್ಶಕ ಮತ್ತು ಬೆಳಕಿನ ತೀವ್ರತೆಯನ್ನು ಓದುವ ಸಾಧನವಿದ್ದರೆ ನಮ್ಮ ವಿಶ್ವವಿದ್ಯಾಲಯಗಳ ರಸಾಯನ ವಿಭಾಗಗಳಲ್ಲೂ ಈ ಕೆಲಸವನ್ನು ಆರಂಭಿಸಬಹುದು.